ಉಗ್ರಾಣದ ದಾಸ್ತಾನಿಗೆ ಸ್ಥಳವನ್ನು ಗೊತ್ತುಮಾಡುವ ಕ್ರಮ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮಮುಖಂಡರಿಗೂ ಜಮೀನುದಾರರಿಗೂ ಬೇಸಾಯದ ಕ್ರಮವನ್ನು ಹೊಸದಾಗಿ ಹೇಳಿಕೊಡಬೇಕಾದ ಅಗತ್ಯವಿಲ್ಲ. ಯಾವ ಮಳೆಗೆ ಯಾವ ಬೀಜವನ್ನು ಹೊಲಕ್ಕೆ ಹಾಕಬೇಕೆಂಬುದು ಅವರಿಗೆ ತಲೆತಲಾಂತರದಿಂದ ತಿಳಿದದ್ದು. ಆದರೆ ಬೆಳೆದ ಪದಾರ್ಥವಾಗಲಿ, ಕೊಂಡುತಂದ ಬೀಜಗೊಬ್ಬರಗಳಾಗಲಿ ಉಗ್ರಾಣದ ಹೊಸ್ತಿಲನ್ನು ದಾಟಿ ಒಳಕ್ಕೆ ಹೋದ ಮೇಲೆ, ಇಂಥಾದ್ದು ಎಲ್ಲಿದೆ, ಎಂದು ಬಂದದ್ದು, ಎಷ್ಟು ಉಳಿದಿದೆ ಎಂದು ಕೇಳಿದರೆ, ಮೂಟೆಗಳನ್ನು ಉರುಳಿಸಿ ನೋಡದೆ ಉತ್ತರ ಕೊಡಬಲ್ಲವರು ವಿರಳ. ಸಹಕಾರ ಸಂಘದ ಗೋದಾಮಿನಲ್ಲಿಯೂ ದೊಡ್ಡ ಮನೆಗಳ ಉಗ್ರಾಣದಲ್ಲಿಯೂ ಈ ನ್ಯೂನತೆ ಒಂದೇ ಬಗೆಯಾಗಿದೆ. ಸ್ವಲ್ಪ ಬಣ್ಣ, ಕೆಲವು ರಟ್ಟಿನ ಚೀಟಿಗಳು, ಒಂದು ವಹಿ, ಇಷ್ಟರಿಂದಲೇ ಇದನ್ನು ಸರಿಪಡಿಸಬಹುದಾದ ಬಗೆಯನ್ನು ಇಲ್ಲಿ ವಿವರಿಸಲಾಗುತ್ತದೆ.

ಹಿಂದಿನವರು ಧಾನ್ಯವನ್ನು ವಾಡೆಗಳಲ್ಲಿಯೂ ಕಣಜಗಳಲ್ಲಿಯೂ, ರಾಗಿಯನ್ನು ವಿಶೇಷವಾಗಿ ನೆಲದೊಳಗಿನ ಹಗೇವುಗಳಲ್ಲಿಯೂ ತುಂಬಿಡುತ್ತಿದ್ದರು. ಚೆನ್ನಾಗಿ ಒಣಗಿದ ರಾಗಿಯು ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯನ್ನು ಮುಚ್ಚಿ ಮೇಲೆ ಮಣ್ಣು ಹರವಿದ ಬಳಿಕ ಅದು ಇರುವ ಸ್ಥಳ ಯಜಮಾನನ ನೆನಪಿನಲ್ಲಿ ಮಾತ್ರ ಉಳಿಯುತ್ತಿತ್ತು. ಸುಲಿಗೆಯ ಭಯವಿದ್ದ ಕಾಲದಲ್ಲಿ ಅದೇ ಒಂದು ಅನುಕೂಲವೂ ಆಗಿತ್ತು. ಮನೆಯಲ್ಲಿ ಒಂದೆರಡು ಧಾನ್ಯ, ಒಂದೆರಡು ತಳಿ. ಬಿತ್ತುವ ಬೀಜವೂ ಉಣ್ಣುವ ಕಾಳೂ ಒಂದೇ ರಾಶಿಯದು. ಆದಕಾರಣ ನೆನಪೇ ಸಾಕಾಗುತ್ತಿತ್ತು. ಈಗಿನ ಸ್ಥಿತಿ ಬೇರೆ. ಗೊರೂರಿನ ಹೇಮಾವತಿ ಜಲಾಶಯವು ೧೯೭೯ರಲ್ಲಿ ಮುಗಿದ ಮೇಲೆ ಈ ಸೀಮೆಯ ಬೆಳೆಗಳು ಹೆಚ್ಚಿದವು. ಒಂದು ಸಂಘದ ಗೋದಾಮಿನಲ್ಲಿ ಒಂದೇ ತಿಂಗಳಲ್ಲಿ ಮೂರು ನಾಲ್ಕು ತಳಿಯ ರಾಗಿ ಬೀಜ, ಬತ್ತದ ಬೀಜ, ಮುಸುಕಿನ ಜೋಳ, ನಾಲ್ಕಾರು ಬಗೆಯ ರಸಗೊಬ್ಬರ, ಕೆಲವೆಡೆ ಸದಸ್ಯರು ಅಡವಿಟ್ಟ ಧಾನ್ಯ, ಇವೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಇವನ್ನು ಒಬ್ಬ ಕಾರ್ಯದರ್ಶಿಯ ನೆನಪಿಗೆ ಬಿಟ್ಟರೆ ಅವನು ರಜಾ ಹೋದ ದಿನ ಸಂಘವೇ ರಜಾ ಹೋದಂತೆ.

ಇದರಿಂದಾಗುವ ನಷ್ಟವು ಉಗ್ರಾಣದೊಳಗೆ ಕಾಣುವುದಿಲ್ಲ, ಹೊಲದಲ್ಲಿ ಕಾಣುತ್ತದೆ. ರಾಗಿಯನ್ನೇ ತೆಗೆದುಕೊಳ್ಳೋಣ. ಎಂ.ಆರ್. ೬ ಎಂಬ ತಳಿಗೆ ಸುಮಾರು ೧೨೦ ದಿನಗಳಿಗೂ ಮೇಲ್ಪಟ್ಟು ಬೇಕು, ಜಿ.ಪಿ.ಯು. ೨೮ಕ್ಕೆ ೧೧೦ರಿಂದ ೧೧೫ ದಿನ; ಜಿ.ಪಿ.ಯು. ೪೮ ನೂರು ದಿನದೊಳಗೇ ಮಾಗುತ್ತದೆ. ಮೊದಲನೆಯದು ಜುಲೈ ತಿಂಗಳಲ್ಲಿ ಬಿತ್ತತಕ್ಕದ್ದು. ಕೊನೆಯದು ಮಳೆ ತಡವಾದಾಗ ಆಗಸ್ಟಿನಲ್ಲಿಯೂ ಕೈಹಿಡಿಯತಕ್ಕದ್ದು. ಮೂರರ ಕಾಳೂ ಕಣ್ಣಿಗೆ ಒಂದೇ. ಚೀಲಗಳು ಬೆರೆತುಹೋಗಿ, ಮಳೆ ತಡವಾದ ವರ್ಷ ರೈತನಿಗೆ ಅಲ್ಪಾವಧಿಯ ಬೀಜವೆಂದು ದೀರ್ಘಾವಧಿಯ ಬೀಜ ಹೋದರೆ, ತೆನೆ ಹಾಲು ತುಂಬುವ ಹೊತ್ತಿಗೆ ಭೂಮಿಯಲ್ಲಿ ತೇವವಿರುವುದಿಲ್ಲ. ಒಂದೇ ಚೀಲದಲ್ಲಿ ಎರಡು ತಳಿ ಕೂಡಿದರೆ ಅರ್ಧ ಪೈರು ಮಾಗಿ ಉದುರುವಾಗ ಇನ್ನರ್ಧ ಹಸುರಾಗಿರುತ್ತದೆ. ಇದರಲ್ಲಿ ಬಿತ್ತಿದವನ ದೋಷ ಏನೂ ಇಲ್ಲ. ಆದರೆ ಆ ವರ್ಷದ ಅನ್ನ ಹೋಗುವುದು ಅವನದೇ.

ಬೀಜಕ್ಕೆ ವಯಸ್ಸೂ ಉಂಟು. ೧೯೬೬ರ ಬೀಜ ಕಾಯಿದೆಯ ಮೇರೆಗೆ ದೃಢೀಕರಿಸಿದ ಬೀಜದ ಚೀಲಕ್ಕೆ ನೀಲಿ ಬಣ್ಣದ ಚೀಟಿಯೂ, ಮೂಲಬೀಜಕ್ಕೆ ಬಿಳಿಯ ಚೀಟಿಯೂ ಇರುತ್ತದೆ. ದೃಢೀಕರಣವು ಪರೀಕ್ಷೆಯ ದಿನದಿಂದ ೯ ತಿಂಗಳವರೆಗೆ ಊರ್ಜಿತ. ರಾಗಿಯ ಮೊಳಕೆ ನೂರಕ್ಕೆ ೭೫ಕ್ಕೂ ಬತ್ತದ ಮೊಳಕೆ ೮೦ಕ್ಕೂ ಕಡಮೆಯಿರಕೂಡದು. ಹೋದ ವರ್ಷದ ಚೀಲಗಳು ಗೋಡೆಯ ಬದಿಯಲ್ಲಿ ಸಿಕ್ಕಿಕೊಂಡು, ಹೊಸ ಚೀಲಗಳು ಅವುಗಳ ಮುಂದೆ ಬಂದು ಕುಳಿತು, ಬಾಗಿಲ ಬಳಿಯದೇ ಮೊದಲು ಖರ್ಚಾಗುತ್ತ ಬಂದರೆ, ಹಳೆಯದು ಎಂದೋ ಒಂದು ದಿನ ನುಸಿಹಿಡಿದು ಹೊರಬೀಳುತ್ತದೆ, ಇಲ್ಲವೇ, ಇನ್ನೂ ಕೆಟ್ಟದ್ದೆಂದರೆ, ಯಾರದೋ ಹೊಲಕ್ಕೆ ಹೋಗುತ್ತದೆ.

ಇನ್ನು ಕ್ರಮದ ವಿಷಯ. ಭೂಮಿಗೆ ಸರ್ವೆ ನಂಬರು ಇರುವುದನ್ನು ವಾಚಕರೆಲ್ಲರೂ ಬಲ್ಲರು. ಜಮೀನು ತಂದೆಯಿಂದ ಮಗನಿಗೆ ಬಂದರೂ, ಕ್ರಯವಾಗಿ ಬೇರೆಯವರಿಗೆ ಹೋದರೂ, ಈ ವರ್ಷ ರಾಗಿ ಮುಂದಿನ ವರ್ಷ ಆಲೂಗಡ್ಡೆ ಬೆಳೆದರೂ ನಂಬರು ಬದಲಾಗದು. ಪಹಣಿಯಲ್ಲಿ ಬದಲಾಗುವುದು ಖಾತೆದಾರನ ಹೆಸರು ಮತ್ತು ಬೆಳೆ ಮಾತ್ರ. ಉಗ್ರಾಣದ ನೆಲಕ್ಕೂ ಹೀಗೆಯೇ ನಂಬರು ಕೊಡತಕ್ಕದ್ದು. ನಂಬರು ಪದಾರ್ಥಕ್ಕಲ್ಲ, ಸ್ಥಳಕ್ಕೆ. ಅನೇಕರು ‘ರಾಗಿ’, ‘ಯೂರಿಯಾ’ ಎಂದು ಗೋಡೆಯ ಮೇಲೆ ಬರೆಯುವುದುಂಟು. ಗೊಬ್ಬರ ಮುಗಿದು ಆ ಜಾಗದಲ್ಲಿ ಜೋಳ ಬಂದು ಕುಳಿತ ದಿನದಿಂದ ಆ ಬರಹ ಸುಳ್ಳು ಹೇಳತೊಡಗುತ್ತದೆ.

ನಮ್ಮ ಕಡೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಉಗ್ರಾಣವನ್ನೂ ಹಾಗೆಯೇ ಅಂಕಣಗಳಾಗಿ ಭಾಗಿಸಬಹುದು. ಗೋಡೆಯಿಂದ ಎರಡು ಮೂರು ಅಡಿ ಬಿಟ್ಟು, ಬಾಗಿಲಿಗೆ ನೇರವಾಗಿ ಇಬ್ಬರು ಹಮಾಲಿಗಳು ಎದುರುಬದುರಾಗಿ ಹಾಯುವಷ್ಟು ಓಣಿಯನ್ನು ಉಳಿಸಿಕೊಂಡು, ಮಿಕ್ಕ ನೆಲದ ಮೇಲೆ ಬಣ್ಣದ ಗೆರೆಗಳನ್ನು ಎಳೆಯತಕ್ಕದ್ದು. ಪ್ರತಿ ಅಂಕಣದ ಒಂದು ಮಗ್ಗುಲಾದರೂ ಓಣಿಗೆ ತೆರೆದಿರಬೇಕು. ಒಂದರ ಹಿಂದೆ ಒಂದು ಅವಿತುಕೊಳ್ಳಕೂಡದು. ಸಾಲಿಗೆ ಒಂದು ಅಕ್ಷರ, ಸಾಲಿನೊಳಗಿನ ಅಂಕಣಕ್ಕೆ ಒಂದು ಅಂಕಿ. ಬೀಜದ ಚಿಕ್ಕ ಚೀಲಗಳನ್ನು ಇಡುವ ಹಲಗೆಗಳಿದ್ದರೆ ಕೆಳಗಿನಿಂದ ಮೇಲಕ್ಕೆ ಮತ್ತೊಂದು ಅಂಕಿ. ‘ಗ ೩’ ಎಂದರೆ ಗ ಸಾಲಿನ ಮೂರನೆಯ ಅಂಕಣ. ‘ಟ ೫, ೨’ ಎಂದರೆ ಟ ಸಾಲು, ಐದನೆಯ ಅಂಕಣ, ಎರಡನೆಯ ಹಲಗೆ. ಅಕ್ಷರಗಳನ್ನು ಆರಿಸುವಾಗ ಸ್ವಲ್ಪ ವಿವೇಚನೆ ಬೇಕು. ಅ ಮತ್ತು ಆ, ಪ ಮತ್ತು ಷ, ವ ಮತ್ತು ಮ, ಇವು ಮಸುಕು ಬೆಳಕಿನಲ್ಲಿ ಒಂದರಂತೆ ಒಂದು ಕಾಣುತ್ತವೆ. ಕ, ಗ, ಟ, ನ, ಲ ಎಂಬವನ್ನು ಹಿಡಿದರೆ ತೊಂದರೆಯಿಲ್ಲ. ಕನ್ನಡದ ೬ ಮತ್ತು ೯ ಸಹ ಒಂದನ್ನೊಂದು ಹೋಲುವುದರಿಂದ ಅವನ್ನು ಗೇಣುದ್ದ ಎತ್ತರವಾಗಿ ಸ್ಫುಟವಾಗಿ ಬರೆಯತಕ್ಕದ್ದು. ಮೂಟೆಗಳು ಮುಚ್ಚಿಬಿಡುವ ನೆಲದ ಮೇಲೆ ಮಾತ್ರ ಬರೆದು ಬಿಡದೆ, ತಲೆಯ ಮಟ್ಟದಲ್ಲಿ ಹಲಗೆಯ ಮೇಲೂ ಬರೆದು ತೂಗುಹಾಕಬೇಕು.

ಒಂದು ಅಂಕಣದಲ್ಲಿ ಒಂದೇ ಪದಾರ್ಥ, ಒಂದೇ ತಳಿ, ಒಂದೇ ಸಲ ಬಂದ ಸರಕು. ಹತ್ತು ಚೀಲ ಉಳಿದ ಅಂಕಣದಲ್ಲಿ ಹೊಸ ಸರಕನ್ನು ಒಟ್ಟಬಾರದೆಂದರೆ ಜಾಗ ವ್ಯರ್ಥವಾಗುವುದೆಂದು ಆಕ್ಷೇಪಿಸುವವರಿದ್ದಾರೆ. ಜಾಗ ಸ್ವಲ್ಪ ವ್ಯರ್ಥವಾಗುವುದು ನಿಜವೇ. ಬೇಕಾದರೆ ಆ ಹತ್ತು ಚೀಲಗಳನ್ನು ಚಿಕ್ಕ ಅಂಕಣಕ್ಕೆ ಎತ್ತಿಡಬಹುದು, ಬೆರೆಸುವುದು ಮಾತ್ರ ಸಲ್ಲದು.

ಪ್ರತಿ ಅಂಕಣಕ್ಕೂ ಒಂದು ರಟ್ಟಿನ ಚೀಟಿಯನ್ನು ಹುರಿಯಿಂದ ಕಟ್ಟತಕ್ಕದ್ದು. ಅದರಲ್ಲಿ ಪದಾರ್ಥ, ತಳಿ, ತಂಡದ ಸಂಖ್ಯೆ, ಬಂದ ತಾರೀಖು, ಬೀಜವಾದರೆ ಪರೀಕ್ಷೆಯ ತಾರೀಖು, ಬಳಿಕ ಜಮಾ, ಖರ್ಚು, ಉಳಿಕೆ. ದೃಷ್ಟಾಂತಕ್ಕೆ, ‘ಟ ೫’ರಲ್ಲಿ ಮೇ ೧೮ರಂದು ಜಿ.ಪಿ.ಯು. ೨೮ ರಾಗಿಯ ೨೪೦ ಚೀಲ ಜಮಾ. ಜೂನ್ ೨೦ರಂದು ೩೫ ಖರ್ಚು, ಉಳಿಕೆ ೨೦೫. ಜುಲೈ ೨ರಂದು ೬೦ ಖರ್ಚು, ಉಳಿಕೆ ೧೪೫. ಬರೆಯುವುದು ಚೀಲ ಎತ್ತಿದ ಸ್ಥಳದಲ್ಲಿಯೇ, ಎತ್ತಿದ ಕ್ಷಣದಲ್ಲಿಯೇ. ಸಂಜೆ ನೆನೆಸಿಕೊಂಡು ಬರೆದ ಚೀಟಿ ಇಲ್ಲದ್ದಕ್ಕಿಂತ ಕೇಡು. ಕಚೇರಿಯ ವಹಿಯಲ್ಲಿ ಪ್ರತಿ ಬಾಬಿನ ಎದುರಿಗೂ ಸ್ಥಳದ ನಂಬರನ್ನು ಕಾಣಿಸಬೇಕು. ಗಣಕಯಂತ್ರದಲ್ಲಿ ಲೆಕ್ಕವಿಡುವ ಸಂಘಗಳಲ್ಲಿಯೂ ಚೀಟಿಯನ್ನು ಬಿಡಬಾರದು. ಯಂತ್ರವಿರುವುದು ಕಚೇರಿಯಲ್ಲಿ, ಮೂಟೆ ಹೊರುವವನು ಇರುವುದು ಓಣಿಯಲ್ಲಿ. ವಾರಕ್ಕೆ ಮೂರು ನಾಲ್ಕು ಅಂಕಣಗಳನ್ನು ಸರದಿಯಂತೆ ಎಣಿಸಿ ಚೀಟಿಗೆ ತಾಳೆ ನೋಡಿದರೆ, ೧೪೫ ಇರಬೇಕಾದಲ್ಲಿ ೧೪೩ ಇದ್ದಾಗ ಆ ಎರಡು ಚೀಲಗಳನ್ನು ಕೆಲವು ದಿನಗಳ ವ್ಯವಹಾರದಲ್ಲಿ ಮಾತ್ರ ಹುಡುಕಿದರೆ ಸಾಕು. ವರ್ಷಾಂತ್ಯದ ತಪಾಸಣೆಯಲ್ಲಿ ಯಾರ ಮೇಲೋ ಅಪವಾದ ಹೊರಿಸುವ ಪ್ರಸಂಗ ಬರುವುದಿಲ್ಲ. ಎಣಿಕೆಯಲ್ಲಿ ಗಮನಿಸಬೇಕಾದ್ದೊಂದುಂಟು: ೨೦೧೮ರಿಂದ ಯೂರಿಯಾ ಮೂಟೆಯು ೪೫ ಕಿಲೋಗ್ರಾಮಿಗೆ ಇಳಿದಿದೆ, ಡಿ.ಎ.ಪಿ. ಮೂಟೆ ೫೦ರದೇ. ಹಳೆಯ ರೂಢಿಯಂತೆ ೫೦ರಿಂದ ಗುಣಿಸಿದರೆ ೨೦೦ ಮೂಟೆ ಯೂರಿಯಾಕ್ಕೆ ೧೦ ಕ್ವಿಂಟಾಲು ಅಂತರ ಬೀಳುತ್ತದೆ.

ಯಾವ ಸಾಲಿನಲ್ಲಿ ಏನಿರಬೇಕೆಂಬುದಕ್ಕೆ ನಿಯಮಗಳು ಸ್ವಲ್ಪವೇ. ಯೂರಿಯಾ ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವುದರಿಂದ ಬೀಜದ ಸಾಲಿಗೆ ದೂರವಾಗಿರಬೇಕು. ಕೀಟನಾಶಕಗಳಿಗೆ ಬೀಗವುಳ್ಳ ಬೇರೆ ಕೊಠಡಿಯೇ ಆಗಬೇಕು. ಮೂಟೆಗಳ ಕೆಳಗೆ ಮರದ ಚೌಕಟ್ಟು ಅವಶ್ಯಕ. ಸರ್ಕಾರದ ಖರೀದಿಯಲ್ಲಿ ಬತ್ತಕ್ಕೆ ನೂರಕ್ಕೆ ೧೭ರ ತೇವದವರೆಗೆ ಒಪ್ಪುತ್ತಾರಾದರೂ, ಬಹುಕಾಲ ಇಡತಕ್ಕ ಬತ್ತವು ೧೪ಕ್ಕೆ ಇಳಿದಿರಬೇಕು.

ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಈ ಕ್ರಮ ಇನ್ನೂ ಮುಖ್ಯ. ಬಿತ್ತನೆಗಡ್ಡೆಯು ಪಂಜಾಬಿನ ಜಲಂಧರದ ಕಡೆಯಿಂದ ಬಂದು ಶೀತಲಗೃಹಗಳಲ್ಲಿ ನಿಂತು, ಮುಂಗಾರಿಗೆ ಮುಂಚೆ ಹಾಸನದ ಮಾರುಕಟ್ಟೆಯ ಮೂಲಕ ಊರೂರಿಗೆ ಹೋಗುತ್ತದೆ. ಅಂಗಮಾರಿ ರೋಗವು ಗಡ್ಡೆಯೊಳಗೇ ಅಡಗಿ ಬರಬಲ್ಲದು. ಹಲವರು ಕೂಡಿ ತರಿಸಿದ ಗಡ್ಡೆಯನ್ನು ಒಂದೇ ರಾಶಿಯಾಗಿ ಸುರಿದು ಹಂಚಿಕೊಂಡರೆ ಯಾವ ತಂಡದಿಂದ ಕೇಡು ಬಂದಿತೆಂಬುದು ಎಂದಿಗೂ ತಿಳಿಯದು. ತಂಡತಂಡವಾಗಿ ಬೇರೆ ಅಂಕಣಗಳಲ್ಲಿಟ್ಟು, ಯಾವ ಅಂಕಣದ್ದು ಯಾರ ಹೊಲಕ್ಕೆ ಹೋಯಿತೆಂದು ಬರೆದಿದ್ದರೆ, ಒಬ್ಬನ ಹೊಲದಲ್ಲಿ ರೋಗ ಕಂಡ ದಿನವೇ ಅದೇ ತಂಡವನ್ನು ನೆಟ್ಟ ಉಳಿದವರಿಗೆ ಸಮಾಚಾರ ಕಳುಹಿಸಿ ಔಷಧ ಸಿಂಪಡಿಸಲು ಹೇಳಬಹುದು. ಅಂಗಮಾರಿಯ ವಿಷಯದಲ್ಲಿ ಎರಡು ಮೂರು ದಿನಗಳೇ ಬೆಳೆ ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ಅಂತರ.

ಚನ್ನರಾಯಪಟ್ಟಣದ ತೆಂಗಿನ ತೋಟದವರು ಉಂಡೆ ಕೊಬ್ಬರಿಗಾಗಿ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಎರಡು ತಿಂಗಳಿಗೊಮ್ಮೆ ಕೆಡವಿದ ಕಾಯಿ ಒಂದರ ಮೇಲೊಂದು ಬಿದ್ದರೆ, ನೀರು ಬತ್ತದ ಕಾಯನ್ನು ಒಡೆದು ಕೆಡಿಸುವುದೂ ಒಣಗಿದ್ದು ಅಡಿಯಲ್ಲಿ ಉಳಿಯುವುದೂ ಸಹಜ. ಅಟ್ಟವನ್ನು ಬಿದಿರ ತಡಿಕೆಯಿಂದ ಏಳು ಭಾಗ ಮಾಡಿ, ವರ್ಷದ ಆರು ಕೊಯ್ಲಿಗೆ ಆರು ಭಾಗಗಳನ್ನೂ ಮಗುಚಲು ಒಂದು ಬರಿದು ಭಾಗವನ್ನೂ ಇಟ್ಟುಕೊಂಡು, ಕೊಯ್ದ ತಿಂಗಳನ್ನು ತೂಗುಹಲಗೆಯಲ್ಲಿ ಬರೆದರೆ ಸಾಕು. ಅರಕಲಗೂಡಿನ ಹೊಗೆಸೊಪ್ಪಿನವರು ರಾಮನಾಥಪುರದ ಹರಾಜಿಗೆ ಎಲೆಗಳನ್ನು ದರ್ಜೆವಾರು ಕಟ್ಟಿ ಒಯ್ಯುವುದರಿಂದ ಇದರ ಮರ್ಮ ಅವರಿಗೆ ಆಗಲೇ ತಿಳಿದಿದೆ. ಅದೇ ಎಚ್ಚರವನ್ನು ಮನೆಯ ಕೊಠಡಿಗೂ ತರಬೇಕು.

ಹೊಳೆನರಸೀಪುರದ ಬತ್ತದವರಲ್ಲಿ ಕೆಲವರು ಸುಗ್ಗಿಯ ದರಕ್ಕೆ ಮಾರದೆ ಧಾನ್ಯವನ್ನು ಉಗ್ರಾಣದಲ್ಲಿರಿಸಿ ಸಾಲ ಪಡೆಯಲು ಬಯಸಬಹುದು. ಕರ್ನಾಟಕ ರಾಜ್ಯ ಉಗ್ರಾಣ ನಿಗಮವು ೧೯೫೭ರಿಂದ ನಡೆಯುತ್ತಿದೆ. ೨೦೦೭ರ ಉಗ್ರಾಣ ಕಾಯಿದೆಯ ಮೇರೆಗೆ ನೋಂದಾಯಿತ ಉಗ್ರಾಣದ ರಸೀತಿಯ ಮೇಲೆ ಬ್ಯಾಂಕಿನವರು ಸಾಲ ಕೊಡಬಹುದಾಗಿದೆ. ಅಲ್ಲಿ ಸರಕನ್ನು ಬಿಟ್ಟು ಬರುವಾಗ ಅದು ಯಾವ ಅಟ್ಟಿಯಲ್ಲಿದೆಯೆಂದು ಕೇಳಿ ನಂಬರನ್ನು ಬರೆದುಕೊಂಡು ಬರುವುದು ರೈತನ ಹಕ್ಕೂ ಹೌದು, ಜಾಣತನವೂ ಹೌದು.

ಕೆಲಸವನ್ನು ಆರಂಭಿಸಲು ಏಪ್ರಿಲ್ ತಿಂಗಳು ಅನುಕೂಲ. ಹಿಂಗಾರಿನ ಸರಕು ಹೋಗಿ ಮುಂಗಾರಿನ ಬೀಜ ಬರುವ ಮುಂಚೆ ಗೋದಾಮು ಬಹುಮಟ್ಟಿಗೆ ಬರಿದಾಗಿರುತ್ತದೆ. ಎರಡು ದಿನದಲ್ಲಿ ಗುಡಿಸಿ, ಬಿರುಕುಗಳನ್ನು ಮುಚ್ಚಿ, ಸುಣ್ಣ ಬಳಿದು, ಗೆರೆ ಎಳೆದು, ಹಲಗೆ ಕಟ್ಟಬಹುದು. ಮುಗಿದ ಅಂಕಣದ ಚೀಟಿಯನ್ನು ಹರಿದು ಬಿಸಾಡದೆ ಆ ವರ್ಷದ ತಪಾಸಣೆ ಮುಗಿಯುವವರೆಗೆ ದಾರಕ್ಕೆ ಪೋಣಿಸಿ ಇಟ್ಟಿರತಕ್ಕದ್ದು.