ಅಜ್ಜನ ಹಳೇ ವಾಚಿನಲ್ಲಿ ರೇಡಿಯಂ: ಹೊಳೆದರೆ ಅಪಾಯ, ಹೊಳೆಯದಿದ್ದರೆ ಸುರಕ್ಷಿತ ಎಂಬುದು ನಿಜವೇ?

"ಕತ್ತಲಲ್ಲಿ ಹೊಳೆಯುವ ಹಳೇ ವಾಚು ಕಟ್ಟಿದರೆ ಕ್ಯಾನ್ಸರ್ ಬರುತ್ತದೆ. ಮೊಬೈಲ್ ಆ್ಯಪ್‌ನಲ್ಲೇ ಪರೀಕ್ಷಿಸಿ, ಎಲ್ಲರಿಗೂ ಕಳಿಸಿ." ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದರೆ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೇ ಮನೆಗಳ ಕಪಾಟಿನಲ್ಲಿ ಕೀ ಕೊಡುವ ವಾಚು ಒಂದಾದರೂ ಇದ್ದೀತು. ಕೈಗಾ ಅಣು ವಿದ್ಯುತ್ ಸ್ಥಾವರ ಇರುವ ಜಿಲ್ಲೆ ನಮ್ಮದು. ವಿಕಿರಣ ಎಂದರೆ ಕಿವಿ ನಿಮಿರುವುದು ಸಹಜ. ಹಾಗಾಗಿ ಒಂದೊಂದಾಗಿ ನೋಡೋಣ.

ಹೊಳೆಯುವುದೆಲ್ಲ ರೇಡಿಯಂ ಅಲ್ಲ

ಬೈಕಿನ ನಂಬರ್ ಪ್ಲೇಟಿಗೆ ನಾವು ಅಂಟಿಸುವ 'ರೇಡಿಯಂ ಸ್ಟಿಕ್ಕರ್'ನಲ್ಲಿ ರೇಡಿಯಂ ಇಲ್ಲ. ಅದು ಹೆಡ್‌ಲೈಟಿನ ಬೆಳಕನ್ನು ಬಂದ ಕಡೆಗೇ ತಿರುಗಿಸುತ್ತದೆ, ಅಷ್ಟೇ. ಮಳೆಗಾಲದಲ್ಲಿ ಘಟ್ಟದ ಕಾಡಿನ ಕೊಳೆತ ಮರದ ಮೇಲೆ ಹೊಳೆಯುವ ಶಿಲೀಂಧ್ರಕ್ಕೂ, ಮಿಂಚುಹುಳಕ್ಕೂ ವಿಕಿರಣದ ಸಂಬಂಧವಿಲ್ಲ. ಅದು ರಾಸಾಯನಿಕ ಕ್ರಿಯೆಯ ಬೆಳಕು. ಈಗಿನ ವಾಚುಗಳಲ್ಲಿ ಸಾಮಾನ್ಯವಾಗಿರುವುದು ಬೆಳಕು ಕುಡಿದು ಕತ್ತಲಲ್ಲಿ ಬಿಡುವ, ವಿಕಿರಣವಿಲ್ಲದ ಬಣ್ಣ.

ಹೊಳೆಯದಿದ್ದರೂ ರೇಡಿಯಂ ಇರಬಹುದು

ಸಂದೇಶ ಎಡವುವುದು ಮುಖ್ಯವಾಗಿ ಇಲ್ಲಿ. 1960ರ ದಶಕದವರೆಗೂ ಹಲವು ವಾಚುಗಳ ಅಂಕಿ, ಮುಳ್ಳುಗಳಿಗೆ ರೇಡಿಯಂ ಮತ್ತು ಸತುವಿನ ಸಲ್ಫೈಡ್ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ವಿಕಿರಣ ಕೊಡುವುದು ರೇಡಿಯಂ, ಹೊಳೆಯುವುದು ಸಲ್ಫೈಡ್. ಕೆಲವು ವರ್ಷಗಳಲ್ಲಿ ಸಲ್ಫೈಡ್ ಸವೆದು ಹೊಳಪು ಸಾಯುತ್ತದೆ. ರೇಡಿಯಂ ಅರ್ಧದಷ್ಟು ಕರಗಲು ಮಾತ್ರ ಸುಮಾರು 1600 ವರ್ಷ ಬೇಕು! ಅಂದರೆ ಅಜ್ಜನ ಕಾಲದ ವಾಚು ಇಂದು ಕಪ್ಪಗಿದ್ದರೂ ಅದರ ವಿಕಿರಣ ಹೆಚ್ಚುಕಡಿಮೆ ಹಾಗೇ ಇದೆ.

ಹಾಗಾದರೆ ಅಳೆಯುವುದು ಹೇಗೆ?

ಗೈಗರ್ ಕೌಂಟರ್ ಎಂಬ ಉಪಕರಣದಿಂದ. ಮಣ್ಣು, ಕಲ್ಲು, ಆಕಾಶದಿಂದಲೂ ಸ್ವಲ್ಪ ವಿಕಿರಣ ಸದಾ ಬರುತ್ತಿರುತ್ತದೆ. ಆದ್ದರಿಂದ ಮೊದಲು ವಾಚಿಲ್ಲದೆ ಅಳೆದು, ಆಮೇಲೆ ವಾಚಿಟ್ಟು ಅಳೆದು, ವ್ಯತ್ಯಾಸ ನೋಡಬೇಕು. ರೇಡಿಯಂನ ಆಲ್ಫಾ ಕಣಗಳನ್ನು ವಾಚಿನ ಗಾಜೇ ತಡೆಯುತ್ತದೆ. ಬೀಟಾ ಸ್ವಲ್ಪ, ಗಾಮಾ ಬಹುಪಾಲು ಹೊರಬರುತ್ತವೆ. ದೂರ ಹೆಚ್ಚಿದಂತೆ ಎಣಿಕೆ ಬೇಗ ಇಳಿಯುತ್ತದೆ. ಹಾಗಾಗಿ ಎಷ್ಟು ದೂರದಿಂದ ಅಳೆದದ್ದು ಎಂದು ಹೇಳದ ಅಂಕಿಗೆ ಅರ್ಥವಿಲ್ಲ.

ರೇಡಿಯಂ ನಂತರ ಬಂದ ಟ್ರಿಟಿಯಂ ಬಣ್ಣದ ಕಥೆ ಬೇರೆ. ಡಯಲ್‌ನ 6ರ ಕೆಳಗೆ 'ಟಿ' ಅಕ್ಷರವಿದ್ದರೆ ಅದು ಟ್ರಿಟಿಯಂ ಗುರುತು. ಅದರ ಬೀಟಾ ಕಣ ಎಷ್ಟು ದುರ್ಬಲವೆಂದರೆ ಗಾಜು ದಾಟದು, ಸಾಮಾನ್ಯ ಗೈಗರ್ ಕೌಂಟರಿಗೂ ಸಿಗದು. 2009ರ ನವೆಂಬರ್‌ನಲ್ಲಿ ಕೈಗಾದ ನೌಕರರು ಟ್ರಿಟಿಯಂ ಬೆರೆತ ನೀರು ಕುಡಿದದ್ದು ನೆನಪಿದೆಯೇ? ಅದು ಗೊತ್ತಾದದ್ದು ಮೂತ್ರ ಪರೀಕ್ಷೆಯಿಂದ.

ಮೊಬೈಲ್ ಆ್ಯಪ್? ಕ್ಯಾಮೆರಾದ ಸೆನ್ಸರ್ ಪ್ರಬಲ ಗಾಮಾ ಕಿರಣವನ್ನು ಹಿಡಿಯಬಲ್ಲದು ನಿಜ. ವಾಚಿನಷ್ಟು ಅಲ್ಪ ಪ್ರಮಾಣಕ್ಕೆ ಅದನ್ನು ನಂಬುವಂತಿಲ್ಲ. ಆ್ಯಪ್ 'ಸೊನ್ನೆ' ತೋರಿಸಿದರೆ ರೇಡಿಯಂ ಇಲ್ಲ ಎಂದಲ್ಲ.

ನಿಜವಾದ ಅಪಾಯ ಎಲ್ಲಿದೆ?

ಮುಚ್ಚಿದ ವಾಚಿನಿಂದ ಮೈಗೆ ತಗಲುವ ವಿಕಿರಣ ಅಲ್ಪ. ಅಪಾಯ ಇರುವುದು ವಾಚು ಬಿಚ್ಚಿದಾಗ ಉದುರುವ ಬಣ್ಣದ ಪುಡಿಯಲ್ಲಿ. ಸುಮಾರು 100 ವರ್ಷಗಳ ಹಿಂದೆ ಅಮೆರಿಕದ ನ್ಯೂಜೆರ್ಸಿಯ ಆರೆಂಜ್‌ನಲ್ಲಿ ಡಯಲ್‌ಗೆ ಬಣ್ಣ ಬಳಿಯುತ್ತಿದ್ದ ಯುವತಿಯರು ಕುಂಚವನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದರು. ಹೊಟ್ಟೆ ಸೇರಿದ ರೇಡಿಯಂ ಕ್ಯಾಲ್ಸಿಯಂನಂತೆ ಮೂಳೆಯಲ್ಲಿ ಕೂತಿತು. ಹಲವರ ದವಡೆ ಕೊಳೆಯಿತು, ಹಲವರು ಸತ್ತರು. ಅವರಿಗೆ ಕೇಡಾದದ್ದು ವಾಚು ಕಟ್ಟಿದ್ದರಿಂದಲ್ಲ, ಬಣ್ಣ ಒಳಗೆ ಹೋದದ್ದರಿಂದ.

ನೀವು ಏನು ಮಾಡಬೇಕು?

• 1970ಕ್ಕಿಂತ ಹಳೆಯದು, ಅಂಕಿಯ ಬಣ್ಣ ಕಂದು ತಿರುಗಿದೆ, ಮುಳ್ಳಿನ ಕೆಳಗೆ ಡಯಲ್ ಸುಟ್ಟಂತಿದೆ ಎಂದಾದರೆ ರೇಡಿಯಂ ಎಂದೇ ಭಾವಿಸಿ.
• ಮನೆಯಲ್ಲಿ ಬಿಚ್ಚಬೇಡಿ, ಬಣ್ಣ ಕೆರೆಯಬೇಡಿ, ಮಕ್ಕಳ ಆಟಕ್ಕೆ ಕೊಡಬೇಡಿ.
• ಗಾಜು ಒಡೆದಿದ್ದರೆ ಜಿಪ್ ಕವರಿನಲ್ಲಿ ಹಾಕಿ, ಕೈ ತೊಳೆಯಿರಿ.
• ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುತ್ತದೆ. ಇಂಥ ಹಲವು ವಾಚುಗಳನ್ನು ಮಲಗುವ ಕೋಣೆಯಲ್ಲಿ ಕೂಡಿಡಬೇಡಿ.
• ರಿಪೇರಿಗೆ ಕೊಡುವಾಗ ಮೊದಲೇ ಹೇಳಿ. ಪೇಟೆಯ ವಾಚ್ ರಿಪೇರಿಯವರು ದಿನವೂ ಡಯಲ್ ಮೇಲೆ ಬಗ್ಗಿ, ಕೆಲವೊಮ್ಮೆ ಊದಿ ಧೂಳು ತೆಗೆಯುವವರು. ಹೆಚ್ಚು ಅಪಾಯ ಅವರಿಗೆ.

ನಮ್ಮ ತೀರ್ಮಾನ: ಸಂದೇಶ ಅರ್ಧ ಸತ್ಯ. ಅದನ್ನು ಮುಂದೆ ಕಳಿಸುವ ಬದಲು, ನಿಮ್ಮೂರಿನ ವಾಚ್ ರಿಪೇರಿಯವರಿಗೆ ಈ ಮಾಹಿತಿ ತಲುಪಿಸಿ.