ನಿಮಗಿದು ಗೊತ್ತೆ? ಆರೈಕೆ ಮಾಡುವವರ ಬೆನ್ನಿಗೂ ಕಾವಲು!

ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ, ಎಬ್ಬಿಸಿ, ಗಾಲಿಕುರ್ಚಿಯಲ್ಲಿ ಕೂರಿಸುವ ನರ್ಸ್, ಆಯಾ ಮತ್ತು ಮನೆಯವರನ್ನು ಬಹಳವಾಗಿ ಕಾಡುವುದು ಸೊಂಟನೋವು. ಅವರ ದೇಹಶ್ರಮವನ್ನು ಅಳೆಯಲು ಈಗ ಮೈಮೇಲೆ ಧರಿಸುವ ಪುಟ್ಟ ಸೆನ್ಸರ್‌ಗಳಿವೆ.

● ಬೆನ್ನಿಗೆ ಕಟ್ಟುವ ಸಾಧನದಲ್ಲಿ ಆಕ್ಸೆಲೆರೋಮೀಟರ್, ಗೈರೋಸ್ಕೋಪ್ ಇರುತ್ತವೆ. ಬೆನ್ನು ಎಷ್ಟು ಡಿಗ್ರಿ ಬಾಗಿತು, ಎಷ್ಟು ಸಲ, ಎಷ್ಟು ಹೊತ್ತು ಎಂಬ ಲೆಕ್ಕ ಮೊಬೈಲ್‌ಗೆ ಬರುತ್ತದೆ. ಫೋನ್ ಅಡ್ಡ ಹಿಡಿದರೆ ಪರದೆ ತಿರುಗುವುದೂ ಇಂಥದೇ ಸೆನ್ಸರ್‌ನಿಂದ.

● ಚರ್ಮಕ್ಕೆ ಅಂಟಿಸುವ ಇಎಂಜಿ ಸೆನ್ಸರ್ ಸ್ನಾಯುಗಳ ವಿದ್ಯುತ್ ಸಂಕೇತ ಹಿಡಿದು, ಅವು ಎಷ್ಟು ದುಡಿಯುತ್ತಿವೆ ಎಂದು ತೋರಿಸುತ್ತದೆ. ಸ್ಮಾರ್ಟ್‌ವಾಚ್ ಹಸಿರು ಬೆಳಕಿನಿಂದ ಎದೆಬಡಿತ ಎಣಿಸುತ್ತದೆ.

● ಅನುಕೂಲ ಸ್ಥಿತಿಯಲ್ಲಿ ವಸ್ತು ಎತ್ತಲು ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಗರಿಷ್ಠ ಮಿತಿ 23 ಕೆ.ಜಿ. ರೋಗಿಗಳನ್ನು ಎತ್ತುವಾಗ ಮಾತ್ರ ಸುಮಾರು 16 ಕೆ.ಜಿ. ಸಾಕೆಂದು ಅದರ ತಜ್ಞರು 2007ರಲ್ಲಿ ಸೂಚಿಸಿದರು. ಏಕೆಂದರೆ ಪೆಟ್ಟಿಗೆ ಅಲುಗುವುದಿಲ್ಲ, ರೋಗಿ ಥಟ್ಟನೆ ಹೊರಳಬಹುದು, ಜಾರಬಹುದು! ಎತ್ತುವ ಭಾರದ ಲೆಕ್ಕಕ್ಕೆಂದೇ ಸಂಸ್ಥೆಯ ಮೊಬೈಲ್ ಆ್ಯಪ್ ಕೂಡ ಇದೆ.

● ಜಪಾನ್ ಸರ್ಕಾರದ 2013ರ ಮಾರ್ಗಸೂಚಿಯ ಪ್ರಕಾರ, ಆರೈಕೆ ಕೆಲಸದಲ್ಲಿ ವ್ಯಕ್ತಿಯನ್ನು ಸಾಮಾನ್ಯ ನಿಯಮವಾಗಿ ಬರಿಗೈಯಲ್ಲಿ ಎತ್ತಬಾರದು. ಲಿಫ್ಟ್ ಯಂತ್ರದಂಥ ಸಾಧನ ಬಳಸಬೇಕು.

● ಬೆನ್ನಿನ ಸೆನ್ಸರ್‌ಗೆ ಬಾಗಿದ್ದು ಗೊತ್ತಾಗುತ್ತದೆ, ಎತ್ತಿದ ಭಾರ ತಾನಾಗಿ ಗೊತ್ತಾಗದು. ಹಾಗಾಗಿ ಸೆನ್ಸರ್ ಎಚ್ಚರಿಸಲಿ ಎಂದು ಕಾಯಬೇಡಿ. ಮಂಚವನ್ನು ಸೊಂಟದೆತ್ತರಕ್ಕೆ ಏರಿಸಿ, ಇನ್ನೊಬ್ಬರ ನೆರವು ಕೇಳಿ.