ಕಟ್ಟಡವೂ ಕಟ್ಟಳೆಯೂ

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೀವೆಲ್ಲರೂ ಕಂಡಿದ್ದೀರಿ. ದಪ್ಪನೆಯ ಗೋಡೆ, ತೊಲೆ ಜಂತಿಗಳ ಮೇಲೆ ಹರವಿದ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ವೈಶಾಖದ ನಡುಹಗಲಲ್ಲಿ ಬಿಸಿಲಿನಿಂದ ಬಂದವನು ಪಡಸಾಲೆಯ ಕಲ್ಲುಹಾಸಿನ ಮೇಲೆ ಕುಳಿತರೆ ಸಾಕು, ದಣಿವು ಅರ್ಧ ಇಳಿಯುತ್ತಿತ್ತು. ದಪ್ಪ ಮಣ್ಣಿನಲ್ಲಿ ಶಾಖ ಮೆಲ್ಲಗೆ ಇಳಿಯುತ್ತದೆ. ಅದು ಒಳಗೆ ತಲಪುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಇಂದು ಆ ಜಾಗದಲ್ಲಿ ತೆಳು ಗೋಡೆ, ಸ್ಲ್ಯಾಬು, ಇಲ್ಲವೆ ತಗಡು ಬಂದಿದೆ. ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ನಮ್ಮ ಮೇಲೆ ಕಾರುತ್ತದೆ. ಫ್ಯಾನು ಆ ಬಿಸಿಗಾಳಿಯನ್ನೇ ತಿರುವುತ್ತದೆ, ವಿದ್ಯುತ್ ಬಿಲ್ಲು ಮಾತ್ರ ಏರುತ್ತದೆ.

ಹಾಗೆಂದು ಹಳೆಯದೆಲ್ಲ ಚೆನ್ನ ಎನ್ನಲಾರೆ. ತಲೆ ಬಗ್ಗಿಸಿ ನುಗ್ಗಬೇಕಾದ ಬಾಗಿಲು, ಮುದುಕರು ಎಡವುವ ಎತ್ತರದ ಹೊಸ್ತಿಲು, ಹೊರಬರಲು ಒಂದೇ ದಾರಿ, ಇವೂ ಆ ಮನೆಗಳವೇ.

ಮನೆ ಹೇಗಿರಬೇಕೆಂಬುದಕ್ಕೆ ನಮ್ಮ ದೇಶದಲ್ಲಿ ಒಂದು ಪುಸ್ತಕವಿದೆ. ಭಾರತೀಯ ಮಾನಕ ಸಂಸ್ಥೆಯು 1970ರಲ್ಲಿ ಮೊದಲು ಹೊರತಂದ ಈ ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು 1983, 2005 ಮತ್ತು 2016ರಲ್ಲಿ ಪರಿಷ್ಕರಿಸಲಾಯಿತು. ರಾಜ್ಯಗಳು ಇದರ ಆಧಾರದ ಮೇಲೆ ತಮ್ಮ ನಿಯಮಗಳನ್ನು ರಚಿಸುತ್ತವೆ. ನಮ್ಮ ತೆಲಂಗಾಣದಲ್ಲಿ 2020ರ ಕಾಯಿದೆಯ ಮೇರೆಗೆ, ಪುರಸಭೆಯ ವ್ಯಾಪ್ತಿಯಲ್ಲಿ 75 ಚದರ ಗಜದವರೆಗಿನ ನಿವೇಶನದಲ್ಲಿ ಒಂದು ಮಹಡಿಯ ಮನೆ ಕಟ್ಟಿಕೊಳ್ಳಲು ಅನುಮತಿಯೇ ಬೇಡವೆಂದಾಯಿತು. 1 ರೂಪಾಯಿ ಕೊಟ್ಟು ನೋಂದಾಯಿಸಿದರೆ ಸಾಕು. ಬಡವರಿಗೆ ಇದರಿಂದ ಅಲೆದಾಟ ತಪ್ಪಿತು, ನಿಜ. ಆದರೆ ನಕ್ಷೆ ನೋಡಿ ತಪ್ಪು ಹೇಳುವವರೂ ಇಲ್ಲವಾದರು. ತಿಳಿದಿರಬೇಕಾದವರು ಈಗ ಮನೆಯ ಯಜಮಾನರು ಮತ್ತು ಗೌಂಡಿ, ಇಬ್ಬರೇ.

ಮೊದಲು ಸೆಖೆಯ ಮಾತು. ತೆಲಂಗಾಣ ಸರ್ಕಾರವು 2023ರ ಏಪ್ರಿಲ್‌ನಲ್ಲಿ ತಂಪು ಛಾವಣಿ ನೀತಿಯೊಂದನ್ನು ಪ್ರಕಟಿಸಿತು. 600 ಚದರ ಗಜ ಮತ್ತು ಅದಕ್ಕೂ ಹೆಚ್ಚಿನ ನಿವೇಶನದ ಮನೆಗಳಿಗೆ ಅದು ಕಡ್ಡಾಯ, ಸಣ್ಣ ಮನೆಗಳಿಗೆ ಅವರವರ ಇಚ್ಛೆ. ಹೆಸರು ದೊಡ್ಡದು, ಕೆಲಸ ಸಣ್ಣದು: ಮಾಳಿಗೆಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿಯುವುದು. ಅದಕ್ಕೂ ಹಣವಿಲ್ಲದವರು ಬೇಸಿಗೆಗೆ ಮುನ್ನ ಸುಣ್ಣವನ್ನಾದರೂ ಬಳಿಯಬಹುದು. ಇನ್ನು ಕಿಟಕಿ. 2018ರ ಇಕೋ ನಿವಾಸ್ ಸಂಹಿತೆಯ ಪ್ರಕಾರ ತೆರೆಯಬಲ್ಲ ಕಿಟಕಿ ಬಾಗಿಲುಗಳ ವಿಸ್ತಾರವು, ಅತಿ ಶುಷ್ಕವಾದ ಸೀಮೆಯಲ್ಲಿಯೂ, ನೆಲದ ವಿಸ್ತಾರದ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಇರಕೂಡದು. ಅಂದರೆ 10 ಅಡಿಗೆ 12 ಅಡಿಯ ಕೋಣೆಗೆ 12 ಚದರ ಅಡಿ. ಈಗ ಎಲ್ಲರೂ ಹಾಕಿಸುವ ಸರಿಯುವ ಗಾಜಿನ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆಂಬುದನ್ನು ಈ ಲೆಕ್ಕದಲ್ಲಿ ಮರೆಯಬೇಡಿ.

ಎರಡನೆಯದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಹಿಂದೆ ನಾನಿದ್ದ ಒಂದು ಶಾಲೆಗೆ ಊರುಗೋಲಿನ ಆಸರೆಯಿಂದ ನಡೆಯುವ ಹುಡುಗಿಯೊಬ್ಬಳು ಬರುತ್ತಿದ್ದಳು. ನೆಲಗಟ್ಟು ಎರಡೂವರೆ ಅಡಿ ಎತ್ತರ, ಐದು ಮೆಟ್ಟಿಲು. ಗೆಳತಿಯರು ಹಿಡಿದು ಹತ್ತಿಸುತ್ತಿದ್ದರು. ಶೌಚಾಲಯಕ್ಕೂ ಮೆಟ್ಟಿಲುಗಳಿದ್ದುದರಿಂದ ಅವಳು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಕೊನೆಗೆ ಒಂದು ಇಳಿಜಾರು ಕಟ್ಟಿಸಿದರು. ಅದರ ಉದ್ದ 10 ಅಡಿ! ಸೈಕಲ್ಲು ಹತ್ತಿಸಲೂ ಇಬ್ಬರು ಬೇಕಾಗುತ್ತಿತ್ತು. ಸಂಹಿತೆಯಂತೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಎರಡೂವರೆ ಅಡಿಗೆ 30 ಅಡಿ. ಅಂಗಳ ಸಾಲದಿದ್ದರೆ ಗೋಡೆಯ ಗುಂಟ ತಿರುಗಿಸಿ, ತಿರುವಿನಲ್ಲಿ ಸಮತಟ್ಟಾದ ಜಾಗ ಬಿಟ್ಟು, ಎರಡೂ ಬದಿ ಹಿಡಿಕಂಬಿ ಹಾಕಬೇಕಾಗಿತ್ತು. ಗಾಲಿಕುರ್ಚಿ ಹೋಗಬೇಕಾದರೆ ಬಾಗಿಲು 90 ಸೆಂಟಿಮೀಟರ್, ಹತ್ತಿರಹತ್ತಿರ 3 ಅಡಿ, ತೆರವಾಗಿರಬೇಕು. ಆ ಹುಡುಗಿ ಒಂಬತ್ತನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟಳು. ಲೆಕ್ಕದಲ್ಲಿ ಚುರುಕಾಗಿದ್ದಳು.

ಬೆಂಕಿಯ ವಿಷಯದಲ್ಲಿ ನಡೆದದ್ದನ್ನು ಮಕ್ಕಳಿಗೆ ಹೇಳುವುದೇ ಕಷ್ಟ, ಆದರೂ ಹೇಳಬೇಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ತರಗತಿಯ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಅದರ ಹಿನ್ನೆಲೆಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ಶಾಲಾ ಕಟ್ಟಡಗಳು ಕಟ್ಟಡ ಸಂಹಿತೆಯಂತೆ ಇರಬೇಕೆಂದೂ ಬೆಂಕಿ ಆರಿಸುವ ಸಾಧನ ಇಡಬೇಕೆಂದೂ ಆದೇಶಿಸಿತು. ಮನೆಗಳೂ ಇದಕ್ಕೆ ಹೊರತಲ್ಲ. 2025ರ ಮೇ 18ರಂದು ಹೈದರಾಬಾದಿನ ಚಾರ್‌ಮಿನಾರ್ ಬಳಿಯ ಗುಲ್ಜಾರ್ ಹೌಜ್‌ನಲ್ಲಿ ಒಂದೇ ಕಟ್ಟಡದಲ್ಲಿ 17 ಮಂದಿ ಸತ್ತರು. ಮೇಲಿನಿಂದ ಇಳಿಯಲು ಅಲ್ಲಿ ಇದ್ದದ್ದು ಒಂದೇ ಇಕ್ಕಟ್ಟಾದ ಮೆಟ್ಟಿಲ ದಾರಿ. ಇಂಥಲ್ಲಿ ಉರಿಗಿಂತ ಮೊದಲು ಹೊಗೆ ಉಸಿರು ಕಟ್ಟಿಸುತ್ತದೆ. ನಾರಾಯಣಪೇಟೆಯ ನೇಕಾರರ ಮನೆಗಳಲ್ಲಿ ಮಗ್ಗ, ನೂಲು, ಒಲೆ, ಹಾಸಿಗೆ ಎಲ್ಲ ಒಂದೇ ಸೂರಿನಡಿ ಇರುವುದನ್ನು ನೆನೆದಾಗ ನನಗೆ ದಿಗಿಲಾಗುತ್ತದೆ. ಹಿಂದಿನ ಬಾಗಿಲಿಗೆ ನೂಲಿನ ಮೂಟೆ ಒಡ್ಡಿದ್ದರೆ ಅದು ಬಾಗಿಲಲ್ಲ, ಗೋಡೆ.

ಶಾಲೆಯ ಮೆಟ್ಟಿಲ ದಾರಿ ಒಂದೂವರೆ ಮೀಟರ್ ಅಗಲವಿರಬೇಕು, ಹೊರಹೋಗುವ ಬಾಗಿಲು ಹೊರಕ್ಕೇ ತೆರೆಯಬೇಕು ಎಂಬುದು ಸಂಹಿತೆಯ ಮಾತು. ಮಕ್ಕಳು ಗಾಬರಿಯಿಂದ ಒತ್ತಿದಾಗ ಒಳಕ್ಕೆ ತೆರೆಯುವ ಬಾಗಿಲು ಮುಚ್ಚಿಕೊಂಡೇ ಉಳಿಯುತ್ತದೆ.

ಈ ವರ್ಷ ನಮ್ಮ ಎಂಟನೆಯ ತರಗತಿಯವರು ಟೇಪು ಹಿಡಿದು ತಮ್ಮದೇ ಕೋಣೆಯನ್ನು ಅಳೆದರು. ಕಿಟಕಿ ಸಾಕಷ್ಟಿದೆ. ಬಾಗಿಲ ಅಗಲ ಸರಿಯಿದೆ, ಆದರೆ ಒಳಕ್ಕೆ ತೆರೆಯುತ್ತದೆ. ಎರಡನೆಯ ಬಾಗಿಲ ಮುಂದೆ ಮುರಿದ ಬೆಂಚುಗಳ ರಾಶಿಯಿತ್ತು. ಅದನ್ನು ಅಂದೇ ತೆಗೆದುಹಾಕಿದೆವು. ಬಾಗಿಲು ತಿರುಗಿಸಿ ಕೂರಿಸಲು ಬಡಗಿಯವರು ಬೇಸಿಗೆ ರಜೆಯಲ್ಲಿ ಬರುವುದಾಗಿ ಒಪ್ಪಿದ್ದಾರೆ.